ಸಮ ಸಮ ನೀರು ಬಿಟ್ಟ ತಿಪ್ಪೇಶ

ಪಾಲಮ್ಮನಿಗೆ ಒಬ್ಬನೇ ಮಗ, ತಿಪ್ಪೇಶ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು, ಅದೇ ಕಷ್ಟ. ಹೇಗೋ ಸರ್ವಮಂಗಳಮ್ಮನವರ ಮೂರಂತಸ್ತಿನ ವಠಾರದಲ್ಲಿ ತಾಯಿಗೆ ಕಸ ಗುಡಿಸೋ ಕೆಲಸ, ಮಗನಿಗೆ ನೀರು ಬಿಡೋ ಕೆಲಸ, ಮೆಟ್ಟಿಲ ಕೆಳಗೊಂದು ರೂಮು ಸಿಕ್ಕಿತ್ತು. ಅದು ಹೋದರೆ ಬೀದಿಯೇ ಗತಿ.

ಆ ವಠಾರಕ್ಕೆ ಎರಡು ನೀರು. ತಾರಸಿಯ ಮಳೆ ನೀರು ಪೈಪಿನಲ್ಲಿ ಇಳಿದು ನೆಲದಡಿಯ ತೊಟ್ಟಿಗೆ, ಅಂದರೆ ಸಂಪಿಗೆ, ಬರೋದು, ಇನ್ನೊಂದು ಬೋರ್‌ವೆಲ್ ನೀರು. ಬೋರ್ ನೀರೊಂದೇ ಆದರೆ ಬೇಳೆ ಬೇಯೋಲ್ಲ, ಮಳೆ ನೀರೊಂದೇ ಆದರೆ ಬೇಸಿಗೆವರೆಗೂ ಬರೋಲ್ಲ.

"ಮೊದಲ ಮಳೆ ನೀರು ಮೋರಿಗೆ ಬಿಡಪ್ಪ, ತಾರಸಿ ಕೊಳೆಯೆಲ್ಲ ಅದರಲ್ಲಿರುತ್ತೆ," ಅಂದಳು ಪಾಲಮ್ಮ.

ಮೊದಲ ಮಳೆ ಸಂಜೆ ಹಿಡಿದದ್ದು ಬೆಳಗಾದರೂ ನಿಲ್ಲಲಿಲ್ಲ. ತಿಪ್ಪೇಶ ಅಷ್ಟನ್ನೂ ಮೋರಿಗೇ ಹರಿಸಿ, ನೆಮ್ಮದಿಯಾಗಿ ಹಲ್ಲುಜ್ಜಿದ.

"ಅಯ್ಯೋ ಪೆದ್ದೇ, ಸ್ವಲ್ಪ ಹೊತ್ತು ಬಿಟ್ಟಿದ್ದರೆ ಸಾಕಿತ್ತಲ್ಲೋ. ಇನ್ಮೇಲೆ ತಾರಸಿಯಿಂದ ಇಳಿದ ನೀರು ಒಂದು ಹನಿಯೂ ಪೋಲಾಗಬಾರದು. ಎಲ್ಲಾ ಸಂಪಿಗೆ ತಿರುಗಿಸು."

"ಆಗಲವ್ವ."

ಮುಂದಿನ ವಾರ ಮೇಲಿನ ಮನೆಯವರು ಸೋಪಿನ ಪುಡಿ ಹಾಕಿ ಗಸಗಸ ತಾರಸಿ ತೊಳೆದರು. ತಿಪ್ಪೇಶ ಒಂದು ಹನಿಯೂ ಪೋಲು ಮಾಡಲಿಲ್ಲ. ಅವತ್ತು ಎಲ್ಲರ ಮನೆ ಕಾಫಿಯಲ್ಲೂ ನೊರೆಯೋ ನೊರೆ.

"ಪಾಲಮ್ಮ, ಇನ್ನೊಂದು ಸಲ ಹೀಗಾದರೆ ಇಬ್ಬರೂ ಗಂಟುಮೂಟೆ ಕಟ್ಟಿ," ಅಂದರು ಸರ್ವಮಂಗಳಮ್ಮ.

ಪಾಲಮ್ಮ ತಾನೇ ಇಳಿದು ಸಂಪು ತೊಳೆದಳು. ಅದು ಹೊಸ ಮಳೆಗೆ ತುಂಬಿದ ಮೇಲೆ ಮಗನನ್ನು ಕೂರಿಸಿಕೊಂಡು ಹೇಳಿದಳು: "ನೋಡು ಮಗಾ, ಮೇಲಿನ ಟ್ಯಾಂಕಿಗೆ ಎರಡೂ ಸಮ ಸಮ ಹತ್ತಿಸು. ಬೋರ್ ನೀರು ಎಷ್ಟೋ ಮಳೆ ನೀರೂ ಅಷ್ಟೇ."

ಸರ್ವಮಂಗಳಮ್ಮನ ಮಗಳನ್ನು ನೋಡೋಕೆ ಗಂಡಿನ ಕಡೆಯವರು ಬಂದ ದಿನವೇ ಬೋರಿನ ಮೋಟಾರು ಸುಟ್ಟುಹೋಯಿತು. ನಲ್ಲಿಯಲ್ಲಿ ನೀರಿಲ್ಲ. ಗಂಡಿನ ತಾಯಿ ಅಂಗಳದ ನಲ್ಲಿ ಹತ್ತಿರ ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾರೆ. ಪಕ್ಕದಲ್ಲೇ ಸಂಪು ತುಂಬಿ ತುಳುಕ್ತಿದೆ, ಅದರ ಮೋಟಾರೂ ನೆಟ್ಟಗಿದೆ, ತಿಪ್ಪೇಶ ಸಂಪಿನ ಮುಚ್ಚಳದ ಮೇಲೆ ಕೂತಿದ್ದಾನೆ.

"ಮಳೆ ನೀರಾದರೂ ಹತ್ತಿಸೋ," ಅಂತ ಓಡಿ ಬಂದಳು ಪಾಲಮ್ಮ.

"ಹೆಂಗವ್ವ? ಬೋರಲ್ಲಿ ಏನೂ ಬರ್ತಿಲ್ಲ. ಅದಕ್ಕೇ ಇದರಲ್ಲೂ ಏನೂ ಬಿಟ್ಟಿಲ್ಲ. ಸಮ ಸಮ."

ಇದು ಕೇಳಿ ಗಂಡಿನ ತಾಯಿ ಸೋಪಿನ ಮುಖದಲ್ಲೇ ನಕ್ಕುಬಿಟ್ಟರು. ಆ ನಗುವಿಂದ ರೂಮು ಉಳಿಯಿತು. "ಇನ್ಮೇಲೆ ನೀರು ನೀನೇ ಬಿಡು ಪಾಲಮ್ಮ. ಇವನು ಏನನ್ನೂ ಮುಟ್ಟಕೂಡದು," ಅಂದರು ಸರ್ವಮಂಗಳಮ್ಮ.

ಮಧ್ಯಾಹ್ನ ಪಾಲಮ್ಮ ಮುದ್ದೆ ಸಾರು ಬಡಿಸಿದಳು. ತಿಪ್ಪೇಶ ಕೈ ಕಟ್ಟಿಕೊಂಡು ಕೂತ.

"ಯಾಕೋ, ಹಸಿವಿಲ್ವಾ?"

"ತುಂಬಾ ಹಸಿವು ಕಣವ್ವ. ಆದ್ರೆ ಏನನ್ನೂ ಮುಟ್ಟಕೂಡದಲ್ಲ."

ಪಾಲಮ್ಮ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಬಾಯಿ ತೆಗಿ ಮಗಾ," ಅಂತ ಮುದ್ದೆ ಮುರಿದು, ಸಾರಲ್ಲಿ ಅದ್ದಿ, ತುತ್ತಿಟ್ಟಳು.

ತಿಪ್ಪೇಶ ತುತ್ತು ಇಟ್ಟುಕೊಂಡು ಬಾಯಿ ತೆಗೆದೇ ಕೂತ. ಮುಚ್ಚು ಅಂತ ಅವ್ವ ಇನ್ನೂ ಹೇಳಿರಲಿಲ್ಲ.