ಬಿಚ್ಚಿ ನೋಡಿದ ಚೊಂಬು

"ಮೇಷ್ಟ್ರೇ, ದಪ್ಪ ತಳದ ಚೊಂಬು ಆರಿಸಲೋ, ತೆಳು ತಳದ್ದೋ? ಮಾರುವವನು ಒಂದು ಹೇಳುತ್ತಾನೆ, ಪಂದ್ಯ ಗೆದ್ದವನು ಇನ್ನೊಂದು ಹೇಳುತ್ತಾನೆ. ಯಾರ ಮಾತು ನಂಬಲಿ?" ಎಂದು ಜಯಕೀರ್ತಿ ಕೇಳಿದ.

ಚೆಲುವರಾಜು ಮೇಷ್ಟ್ರು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನು ಮಿತಿ ಮೀರಿ ಓಡಿಸುವ ವಿದ್ಯೆ ಕಲಿಸುತ್ತಿದ್ದರು. ಯಾರ ಕಾರ್ಡು ಹೆಚ್ಚು ವೇಗವಾಗಿ ಓಡುತ್ತದೆ ಎಂದು ಪಂದ್ಯಗಳೂ ನಡೆಯುತ್ತವೆ. ಹಾಗೆ ಓಡಿಸಿದರೆ ಕಾರ್ಡು ಕಾದು ಸುಟ್ಟುಹೋಗುತ್ತದೆ. ಅದಕ್ಕೇ ಅದರ ಚಿಪ್ ಮೇಲೆ ತಾಮ್ರದ ಪಾತ್ರೆಯೊಂದನ್ನು ತಿರುಪು ಹಾಕಿ ಕೂರಿಸಿ, ಒಳಗೆ ದ್ರವ ಸಾರಜನಕ ಸುರಿಯುತ್ತಾರೆ. ಅದರ ಮುಂದೆ ಮಂಜುಗಡ್ಡೆಯೂ ಬಿಸಿಯೇ. ಆ ಪಾತ್ರೆಗೆ ಅವರ ಬಳಗದಲ್ಲಿ ಚೊಂಬು ಎಂದೇ ಹೆಸರು.

ಮೇಷ್ಟ್ರು ನೇರವಾಗಿ ಉತ್ತರಿಸಲಿಲ್ಲ. ಕತೆ ಹೇಳಿದರು.

ಒಬ್ಬ ಆಟಗಾರನಿದ್ದ. ಕೈ ಚುರುಕು, ಬುದ್ಧಿ ಇನ್ನೂ ಚುರುಕು, ಆದರೆ ಅನುಮಾನದ ಪ್ರಾಣಿ. ಹಾಲು ಕೊಟ್ಟರೆ ನೀರೆಷ್ಟು ಬೆರೆಸಿದ್ದೀಯ ಎನ್ನುವವನು, ನೀರು ಕೊಟ್ಟರೆ ಇದನ್ನೇಕೆ ಕೊಟ್ಟೆ ಎನ್ನುವವನು. ಅವನಿಗೊಬ್ಬ ಗೆಳೆಯನಿದ್ದ. ಹಿಂದಿನ ಪಂದ್ಯ ಗೆದ್ದವನು, ಆಮೇಲೆ ಆ ದ್ರವ ಚೆಲ್ಲಿ, ಅದರ ಶೀತಕ್ಕೆ ಬೆರಳು ಸುಟ್ಟುಕೊಂಡು ಆಟ ಬಿಟ್ಟವನು. ಅವನ ಬಳಿ ಒಂದು ಕಾರ್ಡಿತ್ತು. ಅಂಥದ್ದು ಹುಡುಕಿದರೂ ಇನ್ನೊಂದು ಸಿಗುವುದಿಲ್ಲ.

"ನನ್ನ ಕೈಲಿ ಆಗದು, ನೀನು ಓಡಿಸು. ಇದು ಗೆದ್ದರೆ ನಾನೇ ಗೆದ್ದ ಹಾಗೆ" ಎಂದು ಗೆಳೆಯ ಆ ಕಾರ್ಡನ್ನು ಆಟಗಾರನ ಕೈಗಿಟ್ಟ. "ನನ್ನ ಚೊಂಬನ್ನೂ ನಿನಗೇ ಕೊಡುತ್ತೇನೆ" ಎಂದ.

ಚೊಂಬು ಕೊಡುತ್ತೇನೆ! ನಮ್ಮಲ್ಲಿ ಆ ಮಾತಿಗೆ ಇನ್ನೊಂದು ಅರ್ಥ ಉಂಟಲ್ಲ, ಮೋಸ ಮಾಡಿ ಬರಿಗೈಯಲ್ಲಿ ಕಳಿಸುವುದು. ಗೆಳೆಯ ಹೇಳಿದ್ದು ಪಾತ್ರೆಯ ಮಾತು, ಆಟಗಾರನಿಗೆ ಕೇಳಿಸಿದ್ದು ಮೋಸದ ಮಾತು. ತಲೆಗೆ ಹುಳ ಹೊಕ್ಕಿತು.

"ಇದರ ತಳ ದಪ್ಪ" ಎಂದು ಗೆಳೆಯ ವಿವರಿಸಿದ. "ತಣ್ಣಗಾಗಲು ತಡ ಮಾಡುತ್ತದೆ. ಒಮ್ಮೆ ತಣ್ಣಗಾದರೆ ಕಾರ್ಡು ಎಷ್ಟು ಕಾದರೂ ಜಗ್ಗುವುದಿಲ್ಲ. ಕೂರಿಸಿದ ಮೇಲೆ ಮಾತ್ರ ಬಿಚ್ಚಬೇಡ ಮಾರಾಯ. ಚೊಂಬಿಗೂ ಚಿಪ್‌ಗೂ ನಡುವೆ ಹಚ್ಚಿದ ಲೇಪ ಆ ಶೀತಕ್ಕೆ ಕಲ್ಲಾಗಿ ಹಿಡಿದುಕೊಂಡಿರುತ್ತದೆ. ಎಳೆದರೆ ಚಿಪ್ ಕೂಡ ಕಿತ್ತುಬರುತ್ತದೆ."

ಆಟಗಾರ ತಲೆಯಾಡಿಸಿದ. ಒಳಗೆ ಬೇರೆಯೇ ಲೆಕ್ಕ. ಗೆದ್ದ ಚೊಂಬನ್ನು ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಅತಿವಿನಯಂ ಧೂರ್ತಲಕ್ಷಣಂ. ಬಿಚ್ಚಬೇಡ ಅನ್ನುತ್ತಾನೆಂದರೆ ಅಡಿಯಲ್ಲಿ ಏನೋ ಇದೆ. ಹೀಗೆಂದುಕೊಂಡು ಅಂಗಡಿಗೆ ಹೋದ. ಅಲ್ಲಿ ತೆಳು ತಳದ, ಫಳಫಳ ಹೊಳೆಯುವ ಚೊಂಬಿತ್ತು. ಅಂಗಡಿಯವನು ಅದನ್ನು ಹೊಗಳಿದ್ದೇ ಹೊಗಳಿದ್ದು. ಇವನು ಇಷ್ಟು ಹೊಗಳಬೇಕಾದರೆ ಎಲ್ಲೋ ಹುಳುಕಿದೆ ಎಂದು ಅದನ್ನೂ ಬಿಟ್ಟು ಬಂದ. ಕಡೆಗೆ ಗೆಳೆಯನದೇ ಗತಿಯಾಯಿತು.

ಪಂದ್ಯದ ದಿನ ಬಂತು. ಲೇಪ ಹಚ್ಚಿ, ಚೊಂಬು ಕೂರಿಸಿ, ದ್ರವ ಸುರಿದ. ಉಷ್ಣಮಾಪಕದ ಅಂಕಿ ನಿಧಾನವಾಗಿ ಇಳಿಯಿತು. ಪಕ್ಕದವರ ತೆಳು ಚೊಂಬುಗಳು ಆಗಲೇ ತಣಿದಿದ್ದವು. ತಡವಾಗುತ್ತದೆ ಎಂದು ಗೆಳೆಯ ಹೇಳಿದ್ದು ಅವನಿಗೆ ನೆನಪಿತ್ತು. ಹೇಳಿದ್ದೇ ತಪ್ಪಾಯಿತು. ನೋಡು, ಮೊದಲೇ ನೆಪ ಹೇಳಿಟ್ಟಿದ್ದಾನೆ! ತಳವನ್ನು ಉಜ್ಜಿ ತಗ್ಗು ಮಾಡಿದ್ದಾನೆ, ಅದು ಚಿಪ್‌ಗೆ ತಾಗುತ್ತಲೇ ಇಲ್ಲ ಎಂದು ಆಟಗಾರ ತೀರ್ಮಾನಿಸಿದ.

ದ್ರವ ಆವಿಯಾಗಿ, ಚೊಂಬು ಬೆಚ್ಚಗಾದ ಮೇಲೆ ಬಿಚ್ಚಿದ. ಲೇಪ ಮೂಲೆಮೂಲೆಗೂ ಸಮವಾಗಿ ಹರಡಿತ್ತು. ಅಬ್ಬ ಎಂದು ಉಸಿರು ಬಿಡಬೇಕಿತ್ತು. ಬಿಡಲಿಲ್ಲ. ಇಷ್ಟು ಚೆನ್ನಾಗಿರಲು ಹೇಗೆ ಸಾಧ್ಯ, ಕಣ್ಣಿಗೆ ಕಾಣದ ಹಾಗೆ ಮಾಡಿದ್ದಾನೆ ಎಂದುಕೊಂಡ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ, ಏನು ಮಾಡೋಣ! ಮತ್ತೆ ಕೂರಿಸಿ ಸುರಿದ. ಅಂಕಿ ಮತ್ತೆ ನಿಧಾನವಾಗಿಯೇ ಇಳಿಯಿತು. ಈ ಸಲ ಬೆಚ್ಚಗಾಗುವ ತನಕ ಕಾಯಲು ಸಮಯವಿರಲಿಲ್ಲ, ತಾಳ್ಮೆಯಂತೂ ಇರಲೇ ಇಲ್ಲ. ತಿರುಪು ಕಳಚಿ ಎಳೆದ. ಟಪ್ಪೆಂದಿತು. ತಳಕ್ಕೆ ಅಂಟಿಕೊಂಡು ಚಿಪ್ ಎದ್ದು ಬಂತು. ಕಾರ್ಡಿನ ಕತೆ ಅಲ್ಲಿಗೆ ಮುಗಿಯಿತು.

ಪಂದ್ಯ ನೋಡಲು ಬಂದಿದ್ದ ಗೆಳೆಯ ಸದ್ದು ಕೇಳಿ ಓಡಿ ಬಂದ. ಆಟಗಾರ ಚೊಂಬನ್ನು ಅವನ ಮುಖದ ಮುಂದೆ ಹಿಡಿದ. "ಈಗಲಾದರೂ ನಿಜ ಹೇಳು. ಇದಕ್ಕೆ ಏನು ಮಾಡಿಟ್ಟಿದ್ದೆ?"

ಕಾರ್ಡು ಹೋದದ್ದನ್ನು ಕಂಡಾಗ ಗೆಳೆಯ ತಡೆದುಕೊಂಡಿದ್ದ. ಈ ಮಾತು ಕೇಳಿ ಅವನ ಕಣ್ಣು ತುಂಬಿತು. ಚೊಂಬನ್ನೂ ಕೇಳದೆ ಹೊರಟುಹೋದ. ಮತ್ತೆಂದೂ ಆಟಗಾರನ ಮನೆ ಬಾಗಿಲಿಗೆ ಬರಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಜಯಕೀರ್ತಿ ಕೇಳಿದ.

"ಅದೆಲ್ಲ ಸರಿ ಮೇಷ್ಟ್ರೇ. ಆ ಗೆಳೆಯ ಕೊಟ್ಟ ಚೊಂಬಿನಲ್ಲಿ ನಿಜವಾಗಿಯೂ ಏನೂ ಐಬು ಇರಲಿಲ್ಲವೇ?"

"ಕಾರ್ಡು ಹೋಯಿತು, ಗೆಳೆಯ ಹೋದ, ನೀನಿನ್ನೂ ತಿರುಪು ಬಿಚ್ಚುತ್ತಲೇ ಇದ್ದೀಯಲ್ಲಪ್ಪ" ಎಂದರು ಮೇಷ್ಟ್ರು.