ಅಂಗಳದ ಗರಿಕೆ

ಹೊಳೆದಡದ ಆ ಆಶ್ರಮದಲ್ಲಿ ಅಂಗಳದ ಉಸ್ತುವಾರಿ ಶಿಷ್ಯ ಪರ್ವತಯ್ಯನದು. ಅವನ ಕಷ್ಟವೆಲ್ಲ ಅಲ್ಲಿದ್ದ ಎರಡು ನಾಯಿಗಳಿಂದ: ಮುದಿ ಕೆಂಚಿ, ಅದರ ಮರಿ ಕರಿಯ.

ಅವು ಓಡಾಡಿದಲ್ಲೆಲ್ಲ ಹುಲ್ಲು ಸತ್ತು ನೆಲ ಬೋಳಾಗಿತ್ತು. ಮಳೆ ಬಿದ್ದರೆ ಬೋಳು ನೆಲವೆಲ್ಲ ಕೆಸರು. ಗುರುಗಳನ್ನು ಕಾಣಲು ಬಂದವರು ಜಾರಿ ಬೀಳುತ್ತಿದ್ದರು.

ಪರ್ವತಯ್ಯ ಮರಳು ಹೊತ್ತು ತಂದು ಹಾಸಿದ. ಭತ್ತದ ಹೊಟ್ಟು ಸುರಿದ. ಗರಿಕೆ ತಂದು ನೆಟ್ಟ. ನಾಯಿಗಳು ಎಲ್ಲವನ್ನೂ ಕೆರೆದು ಹಾಕಿ ಅಲ್ಲೇ ಮಲಗಿದವು. ಕೊನೆಗೆ ಅವಕ್ಕೆ ಉಪದೇಶವನ್ನೂ ಮಾಡಿ ನೋಡಿದ. ಆಶ್ರಮದಲ್ಲಿ ಉಪದೇಶ ಕಿವಿಗೆ ಹಾಕಿಕೊಳ್ಳದವರು ಅವೆರಡೇ ಏನಲ್ಲ.

"ಗುರುಗಳೇ, ಈ ನಾಯಿಗಳಿರುವವರೆಗೂ ಅಂಗಳ ಹೀಗೇ."

"ಅಂಗಳ ನಿನಗೆ ಬಿಟ್ಟದ್ದು," ಎಂದರು ಗುರುಗಳು.

ಮರುದಿನ ಅವನು ನಾಯಿಗಳನ್ನು ಹರಿಗೋಲಿಗೆ ಹತ್ತಿಸಿದ. ಕೆಂಚಿ ತಿರುಗಾಟಕ್ಕೆ ಹೊರಟಂತೆ ಅವನ ಮಡಿಲಲ್ಲಿ ತಲೆಯಿಟ್ಟು ಕೂತಿತು. ಎರಡನ್ನೂ ಆಚೆ ದಡದಲ್ಲಿ ಬಿಟ್ಟು, ಬೊಗಳುವುದು ಕೇಳಿದರೂ ಹಿಂದೆ ನೋಡದೆ ಹುಟ್ಟು ಹಾಕಿದ. ಗುರುಗಳು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಗರಿಕೆ ಹಬ್ಬಿ ಅಂಗಳ ಹಸಿರಾಯಿತು. ಬಂದವರೆಲ್ಲ ಹೊಗಳಿದರು. ಪರ್ವತಯ್ಯ ಗುರುಗಳನ್ನು ಕರೆದು ತೋರಿಸಿದ.

ಗುರುಗಳು ತಲೆಬಾಗಿಲ ಬಳಿ ನಿಂತರು. "ಇಲ್ಲಿ ಹುಲ್ಲು ಯಾಕೆ ಹೋಗಿತ್ತು?"

"ಯಾರು ಬಂದರೂ ನಾಯಿಗಳು ಇಲ್ಲಿಗೆ ಓಡಿ ಬರುತ್ತಿದ್ದವು."

ಅಲ್ಲಿಂದ ಗುರುಗಳು ಪರ್ವತಯ್ಯನ ಕೋಣೆಯ ಕಿಟಕಿಯ ಕೆಳಗೆ ಬಂದರು. "ಇಲ್ಲಿ?"

ಪರ್ವತಯ್ಯ ಬಗ್ಗಿ ಅಲ್ಲಿನ ಗರಿಕೆ ಮುಟ್ಟಿದ.

"ನಾನು ಜ್ವರದಿಂದ ಮಲಗಿದ್ದಾಗ ಕೆಂಚಿ ಇಲ್ಲಿಂದ ಏಳಲೇ ಇಲ್ಲ. ಆಮೇಲೂ ಇಲ್ಲೇ ಮಲಗುತ್ತಿತ್ತು."

ಹಾಗೆಂದ ಮೇಲೆ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನೆಟ್ಟಗೆ ಹೋಗಿ ಹರಿಗೋಲು ಹತ್ತಿದ.

ಆಚೆ ದಡದಲ್ಲಿ ಕರಿಯ ಸಿಕ್ಕಿತು. ಕೆಂಚಿ ಕಾಣಲಿಲ್ಲ. ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕಿಯೊಬ್ಬಳನ್ನು ಕೇಳಿದ.

"ಆ ಮುದಿ ನಾಯಾ? ನೀರಂಚು ಬಿಟ್ಟು ಕದಲಲಿಲ್ಲ ಕಣಪ್ಪ. ನಿಮ್ಮ ಆಶ್ರಮದ ಕಡೆನೇ ನೋಡ್ಕೊಂಡು ಕೂತಿರೋದು. ಮುದ್ದೆ ಹಾಕಿದ್ರೂ ಮೂಸಲಿಲ್ಲ. ಹೊಳೆ ತುಂಬಿ ಹರೀತಿದ್ದಾಗ ನೀರಿಗಿಳಿದು ನಿಮ್ಮ ಕಡೆಗೇ ಈಜ್ತು. ನಡುನೀರಿನವರೆಗೂ ತಲೆ ಕಾಣ್ತಿತ್ತು."

"ಆಮೇಲೆ?"

ಮುದುಕಿ ಹೊಳೆಯ ಕಡೆ ನೋಡಿದಳು.

ಪರ್ವತಯ್ಯ ಕರಿಯನನ್ನು ಕರೆದುಕೊಂಡು ಬಂದು, ಗುರುಗಳ ಮುಂದೆ ಕುಸಿದು ಕೂತು ಅತ್ತ. ಮಾಡಿದ್ದನ್ನು ಸರಿಪಡಿಸಲು ಇನ್ನು ದಾರಿಯೇ ಇರಲಿಲ್ಲ. ಕರಿಯ ಅಂಗಳವನ್ನೆಲ್ಲ ಮೂಸಿ, ಕಿಟಕಿಯ ಕೆಳಗೆ ಹೋಗಿ ಗರಿಕೆ ಕೆರೆಯತೊಡಗಿತು. ಯಾರೂ ತಡೆಯಲಿಲ್ಲ.

"ಗುರುಗಳೇ, ಆ ದಿನ ನೀವು ಜಗಲಿಯಲ್ಲೇ ಇದ್ದಿರಿ. ಎಲ್ಲ ನೋಡಿದಿರಿ. ಬೇಡ ಅಂತ ಒಂದು ಮಾತು ಹೇಳಿದ್ದರೆ ನಾನು ಮೀರುತ್ತಿದ್ದೆನೇ? ಯಾಕೆ ಸುಮ್ಮನಿದ್ದಿರಿ?"

ಗುರುಗಳು ತಲೆ ತಗ್ಗಿಸಿದರು.

"ಸ್ನಾನ ಮಾಡಿ ಬರುವಾಗ ನನ್ನ ಕಾಲಿಗೂ ಕೆಸರು ಮೆತ್ತಿಕೊಳ್ಳುತ್ತಿತ್ತು, ಪರ್ವತಯ್ಯ."