ಕಾಶವ್ವ ಮೊದಲ ಪಂಕ್ತಿಗೆ ಕುಳಿತದ್ದು

ಹಾಲಗುಂಡಿಯ ಮಠಕ್ಕೆ ಹೊಸದಾಗಿ ಬಂದವರು ಪೂಜ್ಯ ಶ್ರೀ ನಿರ್ಮಲಲಿಂಗ ಸ್ವಾಮಿಗಳವರನ್ನು ಗದ್ದುಗೆಯ ಮೇಲೆ ಹುಡುಕಿ, ಕಾಣದೆ ಪೇಚಾಡುತ್ತಿದ್ದರು. ಪೂಜ್ಯರು ಇರುತ್ತಿದ್ದುದು ದನದ ಕೊಟ್ಟಿಗೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ. ಒಂದು ಚಾಪೆ, ಒಂದು ಕಂಬಳಿ, ನೀರು ತುಂಬಿದ ಮಣ್ಣಿನ ಹರವಿ, ಗೋಡೆಯ ಮೇಲೆ ತಮ್ಮ ಗುರುಗಳ ಭಾವಚಿತ್ರ. ಇಷ್ಟೇ ಅವರ ಸಂಸಾರ. ಎಪ್ಪತ್ತಮೂರರ ವಯಸ್ಸಿನಲ್ಲೂ ಬೆಳಗಿನ ಪೂಜೆ ಮುಗಿಸಿ, ಹೊಲದ ಬದುವಿನ ಮೇಲೆ ಎರಡು ಸುತ್ತು ನಡೆದು ಬಂದು, ಬಂದವರ ಕಷ್ಟಸುಖ ಕೇಳುತ್ತ ಕೂಡುತ್ತಿದ್ದರು. ಹನ್ನೊಂದೂವರೆಗೆ ಸರಿಯಾಗಿ ಪ್ರಸಾದ. ಅದಾದ ಮೇಲೆ ಒಂದು ತಾಸು ವಿಶ್ರಾಂತಿ. ಆ ಹೊತ್ತಿನಲ್ಲಿ ಮಂತ್ರಿಗಳೇ ಬಂದು ನಿಂತರೂ ಬಾಗಿಲು ತೆರೆಯುತ್ತಿರಲಿಲ್ಲ. ಎದ್ದರೆಂದರೆ ಮತ್ತೆ ದೀಪ ಹಚ್ಚುವವರೆಗೆ ಜನರ ನಡುವೆಯೇ ಇರುತ್ತಿದ್ದರು.

ಈ ಹನ್ನೊಂದೂವರೆಯ ಊಟ, ಈ ಒಂದು ತಾಸಿನ ನಿದ್ದೆ ಮಠದಲ್ಲಿ ಒಬ್ಬಳಿಗೆ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಅವಳು ದಾಸೋಹದ ಅಡುಗೆಮನೆಯ ಕಾಶವ್ವ.

ಕಾಶವ್ವ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನು ಕಟ್ಟಿಕೊಂಡು ಮಠದ ಒಲೆಯ ಮುಂದೆ ಬಂದು ಕುಳಿತು ಮೂವತ್ತೊಂದು ವರ್ಷವಾಗಿತ್ತು. ಮೊದಲು ರೊಟ್ಟಿ ಬಡಿಯುವ ಹತ್ತು ಹೆಂಗಸರಲ್ಲಿ ಒಬ್ಬಳಾಗಿದ್ದವಳು ಹನ್ನೆರಡು ವರ್ಷಕ್ಕೆ ಸಾರಿನ ಕೊಪ್ಪರಿಗೆಗೂ ಇಡೀ ಅಡುಗೆಮನೆಗೂ ಒಡತಿಯಾದಳು. ಯಾವ ಪಂಕ್ತಿಗೆ ಎಷ್ಟು ಅನ್ನ, ಯಾವ ಕೊಪ್ಪರಿಗೆಗೆ ಎಷ್ಟು ಬೇಳೆ ಎಂಬುದೆಲ್ಲ ಅವಳ ಬಾಯಿಂದಲೇ ಬರಬೇಕು. ಮಠದ ಆಡಳಿತ ನೋಡುವ ವಿರೂಪಾಕ್ಷಪ್ಪನವರು ಊರಿಗೆಲ್ಲ ಜೋರು ಮಾಡುವ ಮನುಷ್ಯ. ಅಡುಗೆಮನೆಯ ಹೊಸ್ತಿಲಲ್ಲಿ ಮಾತ್ರ ಅವರ ದನಿ ತಾನಾಗಿ ತಗ್ಗುತ್ತಿತ್ತು.

ಹಿಂದಿನ ಗುರುಗಳನ್ನು, ಅಂದರೆ ಪೂಜ್ಯರ ಗುರುಗಳನ್ನು, ಭಕ್ತರೆಲ್ಲ ಹಿರಿಯಜ್ಜಾರು ಎಂದು ಕರೆಯುತ್ತಿದ್ದರು. ದಾಸೋಹದ ಕಟ್ಟಕಡೆಯ ಪಂಕ್ತಿ ಎದ್ದು, ಕಟ್ಟಕಡೆಯ ಮನುಷ್ಯ ಕೈ ತೊಳೆದ ಮೇಲೆಯೇ ಪ್ರಸಾದ ಸ್ವೀಕರಿಸುವುದು ಅವರ ನೇಮ. ಅವರು ಲಿಂಗೈಕ್ಯರಾದ ಮೇಲೆ ಪೀಠಕ್ಕೆ ಬಂದ ನಿರ್ಮಲಲಿಂಗ ಸ್ವಾಮಿಗಳು ಮೊದಲ ದಿನವೇ ಹನ್ನೊಂದೂವರೆಗೆ ತಾಟಿನ ಮುಂದೆ ಕುಳಿತರು. ಕಾಶವ್ವ ಮನಸ್ಸಿನಲ್ಲೇ ಕೇಳಿದಳು: ಗದ್ದುಗೆ ಬೇಕು, ನೇಮ ಬೇಡವೇ? ಅವಳು ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ, ನಿಜ. ಆದರೆ ಪೂಜ್ಯರ ಬಟ್ಟಲಿಗೆ ಸಾರು ಹಾಕುವಾಗ ಅವಳ ಸೌಟು ಬಟ್ಟಲಿನ ಅಂಚಿಗೆ ಠಣ್ಣೆಂದು ಬಡಿಯುತ್ತಿತ್ತು. ಬೇರೆ ಯಾರ ತಾಟಿಗೂ ಅದು ಹಾಗೆ ಬಡಿಯುತ್ತಿರಲಿಲ್ಲ.

ಸ್ವಾಮಿಗಳು ಬಿಟ್ಟ ನೇಮವನ್ನು ತಾನಾದರೂ ಉಳಿಸಬೇಕೆಂದು ಅವಳು ಅಂದೇ ತೀರ್ಮಾನ ಮಾಡಿದಳು. ದಾಸೋಹದವರೆಲ್ಲ ಸರದಿಯಲ್ಲಿ ಉಂಡೇಳುತ್ತಿದ್ದರೂ ಕಾಶವ್ವ ಮಾತ್ರ ಕಡೆಯ ಪಂಕ್ತಿ ಏಳುವವರೆಗೆ ಒಂದು ತುತ್ತೂ ಮುಟ್ಟಲಿಲ್ಲ. ಸಾಮಾನ್ಯ ದಿನಗಳಲ್ಲಿ ಮೂರು ಗಂಟೆ, ಶ್ರಾವಣದ ಸೋಮವಾರಗಳಲ್ಲಿ ನಾಲ್ಕೂ ಆಗುತ್ತಿತ್ತು. ನಲವತ್ತೆಂಟರ ದೇಹ ಅದನ್ನು ತಾಳಿಕೊಂಡಿತು, ಐವತ್ತೆಂಟರ ದೇಹವೂ ಗೊಣಗುತ್ತ ತಾಳಿಕೊಂಡಿತು. ಅರವತ್ತೇಳರಲ್ಲಿ ಸಕ್ಕರೆ ಕಾಯಿಲೆ ಬಂತು.

ತಾಲ್ಲೂಕಿನ ಡಾಕ್ಟರರು ಗುಳಿಗೆ ಬರೆದುಕೊಟ್ಟು, ಅದನ್ನು ನುಂಗಿದ ಅರ್ಧ ತಾಸಿನೊಳಗೆ ಊಟ ಮಾಡಲೇಬೇಕು ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಸೊಸೆ ಸುವರ್ಣಾ ಒಳ್ಳೆಯ ಹುಡುಗಿ. ದಿನಾ ಬೆಳಗ್ಗೆ ಗುಳಿಗೆಯನ್ನು ಅಂಗೈ ಮೇಲಿಟ್ಟು, ನೀರಿನ ಚರಿಗೆ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು.

“ಅತ್ತೀ, ಗುಳಿಗಿ ತಗೊಂಡ ಮ್ಯಾಲ ಅಲ್ಲಿ ಹೋಗಿ ಏನರ ತಿಂತೀರಿಲ್ಲೋ?”

“ದಾಸೋಹದ ಮನ್ಯಾಗ ಇರಾಕಿಗಿ ಊಟದ ಚಿಂತಿ ಮಾಡ್ತೀಯಲ್ಲ ನೀ!” ಎಂದು ನಕ್ಕು ಕಾಶವ್ವ ಹೊರಟುಬಿಡುತ್ತಿದ್ದಳು.

ಅವಳು ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗುಳಿಗೆ ಎಂಬುದು ಅನ್ನವಲ್ಲ, ನೀರಿನೊಂದಿಗೆ ನುಂಗಿದರೆ ನೇಮಕ್ಕೆ ಭಂಗವಿಲ್ಲ ಎಂದು ಅವಳು ತನಗೆ ತಾನೇ ನ್ಯಾಯ ಹೇಳಿಕೊಂಡಿದ್ದಳು. ಹೀಗೆ ಸೊಸೆಯ ಮಾತೂ ಉಳಿಯಿತು, ಗುರುವಿನ ನೇಮವೂ ಉಳಿಯಿತು ಎಂದು ಅವಳ ಲೆಕ್ಕ. ದೇಹದ ಮಾತನ್ನು ಮಾತ್ರ ಯಾರೂ ಕೇಳಲಿಲ್ಲ.

ಆ ವರ್ಷ ಶ್ರಾವಣದ ಮೂರನೆಯ ಸೋಮವಾರ ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡೂವರೆಗೆ ಎಂಟನೆಯ ಪಂಕ್ತಿ ಕುಳಿತಿತು. ಮಧ್ಯಾಹ್ನದಿಂದಲೇ ಕಾಶವ್ವನ ಕೈ ನಡುಗುತ್ತಿತ್ತು, ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಒಲೆಯ ಝಳ ಎಂದುಕೊಂಡು ಸೆರಗಿನಿಂದ ಒರೆಸಿಕೊಂಡು, ಸಾರಿನ ಬಕೆಟ್ಟು ಎತ್ತಿಕೊಂಡು ಬಡಿಸಲು ಬಂದಳು. ನಾಲ್ಕು ತಾಟು ದಾಟಿರಬೇಕು. ಕಣ್ಣ ಮುಂದಿನ ಸಾಲು ಅಲ್ಲಾಡಿದಂತಾಯಿತು. ಬಕೆಟ್ಟು ಕೈಜಾರಿ, ಕಂಬಳಿ ಹೊದ್ದು ಕುಳಿತಿದ್ದ ಮುದುಕನೊಬ್ಬನ ಪಾದದ ಮೇಲೆ ಬಿಸಿ ಸಾರು ಚೆಲ್ಲಿತು. ಅದರ ಹಿಂದೆಯೇ ಕಾಶವ್ವನೂ ನೆಲಕ್ಕೆ ಬಿದ್ದಳು.

ಆ ಮುದುಕ ಕುರಿ ಕಾಯುವ ಬೀರಪ್ಪ. ಪಾದ ಕೆಂಪಾಗಿ ಉರಿಯುತ್ತಿದ್ದರೂ, “ನನಗೇನ ಆಗಿಲ್ರೋ, ಮೊದಲ ಆ ತಾಯೀನ್ನ ಹಿಡೀರಿ!” ಎಂದು ಕೂಗಿದ. ಹೆಂಗಸರು ಓಡಿ ಬಂದು ಗಾಳಿ ಹಾಕಿದರು. ಅವಳು ಕಣ್ಣು ತೆರೆದ ಮೇಲೆ ಬೆಲ್ಲದ ನೀರು ತಂದು ತುಟಿಗೆ ಹಿಡಿದರೆ, ಆ ಪುಣ್ಯಾತ್ಗಿತ್ತಿ ಕೇಳಿದ್ದೇನು ಗೊತ್ತೇ? “ಕಡೀ ಪಂಕ್ತಿ ಎದ್ದೈತೇನು?” ಎಂದು. ಬೈದು ಕುಡಿಸಬೇಕಾಯಿತು.

ಅವಳು ಚೇತರಿಸಿಕೊಂಡು ಗೋಡೆಗೊರಗಿ ಕುಳಿತಾಗ ವಿರೂಪಾಕ್ಷಪ್ಪನವರು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತರು. ಎಂದಿಲ್ಲದ ಮೆತ್ತಗಿನ ದನಿಯಲ್ಲಿ, “ಕಾಶವ್ವಾ, ದುಡದದ್ದು ಸಾಕಾತು. ನಾಳಿಂದ ಮನ್ಯಾಗ ಆರಾಮ ಇರ್ರಿ. ಮಠ ನಿಮ್ಮನ್ನ ಮರಿಯೂದಿಲ್ಲ” ಎಂದರು.

ಅವರು ಕಕ್ಕುಲಾತಿಯಿಂದಲೇ ಹೇಳಿದ್ದರು. ಕಾಶವ್ವನಿಗೆ ಮಾತ್ರ ಬಾಗಿಲ ಹೊರಗೆ ನೂಕಿದಂತಾಯಿತು. ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಮಗ ಸೊಸೆ ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದರು. ಆದರೆ ಬೆಳಗಾದರೆ ನೂರಾರು ಜನ ತನ್ನ ಕೈಯ ಊಟಕ್ಕೆ ಕಾದಿರುತ್ತಾರೆ ಎಂಬುದರಿಂದಲೇ ಅವಳ ಕಾಲು ನೆಲಕ್ಕಿಳಿಯುತ್ತಿದ್ದುದು. ಅದನ್ನು ತೆಗೆದರೆ ಉಳಿಯುವ ಕಾಶವ್ವ ಯಾರೋ ಅವಳಿಗೇ ಗೊತ್ತಿರಲಿಲ್ಲ. ಅವಳಿಗೆ ಭಯವಾಯಿತು. ಮಠದಲ್ಲಿ ಆ ಮಾತನ್ನು ತಡೆಯಬಲ್ಲವರು ಒಬ್ಬರೇ ಇದ್ದರು, ಮತ್ತು ಅವರ ಬಟ್ಟಲಿಗೇ ಅವಳು ಹತ್ತೊಂಬತ್ತು ವರ್ಷ ಸೌಟು ಕುಟ್ಟಿದ್ದಳು.

ಸಂಜೆ ಐದರ ಸುಮಾರಿಗೆ, ಇನ್ನೂ ಒಂದು ತುತ್ತೂ ಉಣ್ಣದೆ, ಗೋಡೆ ಹಿಡಿದುಕೊಂಡು ಕಾಶವ್ವ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋದಳು. ಬಾಗಿಲಲ್ಲೇ ನಿಂತುಬಿಟ್ಟಳು. ಪೂಜ್ಯರು ನೆಲದ ಮೇಲೆ ಕುಳಿತು, ಬೀರಪ್ಪನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಸುಟ್ಟ ಜಾಗಕ್ಕೆ ಲೋಳೆಸರ ಹಚ್ಚುತ್ತಿದ್ದರು. ಬೀರಪ್ಪ ಸಂಕೋಚದಿಂದ ಮುದುಡಿಹೋಗಿದ್ದ. ತನ್ನ ಕೈಯಿಂದಾದ ತಪ್ಪಿಗೆ ಗುರುಗಳು ಮದ್ದು ಹಚ್ಚುವುದನ್ನು ನೋಡಿ ಕಾಶವ್ವನಿಗೆ ಅಳು ತಡೆಯಲಾಗಲಿಲ್ಲ.

“ತಪ್ಪಾತ್ರಿ ಅಜ್ಜಾರ. ಏನ ಶಿಕ್ಷಾ ಕೊಟ್ರೂ ಕೊಡ್ರಿ, ನನ್ನ ಮನಿಗೆ ಮಾತ್ರ ಕಳಸಬ್ಯಾಡ್ರಿ.”

ಪೂಜ್ಯರು ತಲೆಯೆತ್ತಿ ನೋಡಿದರು. “ಕುಂದ್ರು ಯವ್ವಾ. ಇವತ್ತ ಎಷ್ಟ ಮಂದಿ ಉಂಡ್ರು?”

ಅಳುವಿನ ನಡುವೆಯೂ ಕಾಶವ್ವನ ಬೆನ್ನು ಸ್ವಲ್ಪ ನೆಟ್ಟಗಾಯಿತು. “ಹನ್ನೆರಡು ನೂರರ ಮ್ಯಾಲ ರೀ. ಒಬ್ಬರೂ ಹಸದು ಹೋಗಿಲ್ರಿ.”

“ಒಬ್ಬಾಂವ ಹಸದಾನ.”

“ಯಾರ್ರೀ?” ಕಾಶವ್ವ ಗಾಬರಿಯಿಂದ ಎದ್ದು ನಿಂತಳು.

ಪೂಜ್ಯರು ಅವಳ ಎದೆಯ ಮೇಲಿದ್ದ ಲಿಂಗದ ಕರಡಿಗೆಯತ್ತ ಕೈ ತೋರಿದರು. “ನಿನ್ನ ಕೊರಳಾಗಿನ ಲಿಂಗಯ್ಯ. ಮುಂಜಾನಿಂದ ನೀರಿನ ಮ್ಯಾಲ ಕುಂತಾನ. ನೀ ಉಂಡರ ಅಲ್ಲೇನು ಅಂವಗ ಅರ್ಪಿತ? ಅಂವನ್ನ ದಿನಾ ಕಡೀ ಪಂಕ್ತಿಗೆ ಕಾಯಸ್ತೀಯಲ್ಲ ಯವ್ವಾ.”

ಕಾಶವ್ವನ ಕೈ ತಾನಾಗಿ ಕರಡಿಗೆಗೆ ಹೋಯಿತು. ಲಿಂಗಕ್ಕೆ ಅರ್ಪಿಸದೆ ಒಂದು ಹನಿಯನ್ನೂ ಬಾಯಿಗೆ ಹಾಕದ ಹೆಂಗಸು ಅವಳು. ಬಡಿಸುವವಳ ಮೈಮೇಲೂ ಒಬ್ಬ ದೇವರು ಹಸಿದು ಕುಳಿತಿರುತ್ತಾನೆ ಎಂಬುದು ಇಷ್ಟು ವರ್ಷ ಹೊಳೆದಿರಲಿಲ್ಲ. ಆದರೂ ಹಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮನಸ್ಸಿನಲ್ಲಿ ಕೂಡಿಟ್ಟುಕೊಂಡಿದ್ದೆಲ್ಲ ಅಂದು ಹೊರಗೆ ಬಂತು.

“ಹಿರಿಯಜ್ಜಾರು ಹಂಗ ಮಾಡತಿದ್ರಲ್ರೀ! ಕಡೀ ಮನಷ್ಯಾ ಉಣ್ಣೂತನಕ ಅವರು ಮುಟ್ಟತಿರಲಿಲ್ಲ. ನೀವು ಆ ನೇಮ ಬಿಟ್ರಿ. ನಾನರ ಉಳಿಸಬೇಕಂತ...” ಅಷ್ಟರಲ್ಲಿ ತಾನು ಏನು ಆಡಿದೆನೆಂದು ಅರಿವಾಗಿ ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು.

ಪೂಜ್ಯರ ಮುಖದಲ್ಲಿ ಸಿಟ್ಟಿನ ಒಂದು ಗೆರೆಯೂ ಮೂಡಲಿಲ್ಲ. ಅವರು ಗೋಡೆಯ ಮೇಲಿನ ಭಾವಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಹಿರಿಯಜ್ಜಾರು ಕೊನೆಯ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಒಳಕೋಣೆಯಲ್ಲಿ ಅವರ ಸೇವೆ ಮಾಡಿದವರು ಈ ಶಿಷ್ಯರೊಬ್ಬರೇ.

“ಅವರ ಹೊಟ್ಟ್ಯಾಗ ಕಡೀಕ ಗಂಜಿನೂ ನಿಲ್ಲತಿರಲಿಲ್ಲ, ಯವ್ವಾ. ಒಂದು ದಿನ ನನ್ನ ಕೈ ಹಿಡದು ಅಂದ್ರು: ‘ಹಟ ಮಾಡಿ ಹೊಟ್ಟಿ ಸುಟಗೊಂಡೆ. ಇನ್ನಾ ಹತ್ತು ವರ್ಷ ಜನರ ನಡುವ ಇರಬೇಕಾದಾಂವ ಹಾಸಿಗ್ಯಾಗ ಬಿದ್ದೆ. ನೀ ಹೊತ್ತಿಗಿ ಉಣ್ಣು, ಹೊತ್ತಿಗಿ ಮಲಗು. ಇದು ನನ್ನ ಅಪ್ಪಣಿ.’ ಅವರ ಕಡೀ ಅಪ್ಪಣಿ ಅದ. ಅದನ್ನ ನಡಸಾಕತ್ತೇನಿ.”

ಗುರುದ್ರೋಹ ಎಂದು ಅವಳು ಮನಸ್ಸಿನಲ್ಲೇ ದೂರುತ್ತ ಬಂದದ್ದು ಗುರುವಿನ ಆಜ್ಞೆಯಾಗಿತ್ತು. ತಾನು ಹೊತ್ತು ತಿರುಗಿದ್ದು ಗುರುವೇ ಇಳಿಸಿಟ್ಟು ಹೋದ ಭಾರವನ್ನು. ಕಾಶವ್ವನಿಗೆ ನಾಚಿಕೆಯಿಂದ ನೆಲ ನೋಡುವುದೇ ಆಯಿತು.

“ಇದನ್ನ ಒಮ್ಮೆರ ಹೇಳಬಾರದಿತ್ತೇನ್ರೀ ಅಜ್ಜಾರ?”

“ನೀ ಕೇಳಿದ್ರ ಹೇಳತಿದ್ದೆ. ನೀ ಬರೇ ಸೌಟಿನ ಸಪ್ಪಳ ಮಾಡಿದಿ!”

ಬೀರಪ್ಪ ಕಿಸಕ್ಕನೆ ನಕ್ಕುಬಿಟ್ಟ. ಕಾಶವ್ವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವಳು ಪೂಜ್ಯರ ಪಾದಕ್ಕೆ ಹಣೆ ಹಚ್ಚಿದಳು. ಊರವರ ಕಣ್ಣಲ್ಲಿ ತಮ್ಮ ನೇಮ ಸಡಿಲವಾಗಿ ಕಂಡರೂ ಸರಿ, ಗುರುಗಳ ನೇಮದ ಮೇಲೆ ಒಂದು ಮಾತೂ ಬರಬಾರದೆಂದು ಇಷ್ಟು ವರ್ಷ ಸುಮ್ಮನಿದ್ದ ಆ ದೊಡ್ಡತನಕ್ಕೆ ಯಾರು ತಾನೇ ತಲೆಬಾಗುವುದಿಲ್ಲ!

“ಮನಿಗೆ ಕಳಸಾಂವ ನಾನಲ್ಲ,” ಎಂದು ಪೂಜ್ಯರು ಅಪ್ಪಣೆ ಕೊಟ್ಟರು. “ಖರೆ, ನಾಳಿಂದ ಮೊದಲ ಪಂಕ್ತ್ಯಾಗ ನಿನ್ನ ತಾಟು. ಉಂಡು ಒಂದು ತಾಸು ಅಡ್ಡಾಗು. ಆಮ್ಯಾಲ ಬಂದು ಕಡೀ ಪಂಕ್ತಿಗೆ ನೀನ ಬಡಸು.”

ಕಾಶವ್ವ ಅದಾದ ಮೇಲೆ ಹನ್ನೊಂದು ವರ್ಷ ದಾಸೋಹದಲ್ಲಿದ್ದಳು. ಭಾರದ ಬಕೆಟ್ಟು ಎತ್ತುವುದನ್ನು ಬಿಟ್ಟಳು. ಅಡುಗೆಯ ಹದವನ್ನು ಎಂಟು ಜನ ಹೆಣ್ಣುಮಕ್ಕಳಿಗೆ ಕಲಿಸಿದಳು. ಅವರಲ್ಲಿ ಯಾರಾದರೂ ಉಣ್ಣದೆ ಬಡಿಸಲು ನಿಂತರೆ ಸೆರಗು ಹಿಡಿದು ಎಳೆದು ತಾಟಿನ ಮುಂದೆ ಕೂರಿಸುತ್ತಿದ್ದಳು. ಕಡೆಯ ದಿನದವರೆಗೂ ಅವಳ ಜೋರಿಗೆ ಕಡಿಮೆಯಿರಲಿಲ್ಲ. ಇದನ್ನೆಲ್ಲ ಕಂಡವರು ಇಂದಿಗೂ ಹಾಲಗುಂಡಿಯಲ್ಲಿ ಇದ್ದಾರೆ. ಅವರನ್ನು ಮಾತಿಗೆಳೆದರೆ ಎಲ್ಲರೂ ಮೊದಲು ಹೇಳುವುದು ಆ ಸೋಮವಾರದ ಮರುದಿನದ ಸಂಗತಿಯನ್ನೇ.

ಮಂಗಳವಾರ ಹನ್ನೊಂದೂವರೆಗೆ ಕಾಶವ್ವ ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿಕೊಂಡು ಬಂದು ಮೊದಲ ಪಂಕ್ತಿಯಲ್ಲಿ ಕುಳಿತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಹೊಸೆಯುತ್ತಿದ್ದಳು. ಪಂಕ್ತಿಯ ತುದಿಯಲ್ಲಿ ಪೂಜ್ಯರೂ ಕುಳಿತಿದ್ದರು. ಅವಳಿಗೆ ಬಡಿಸಲು ಅಡುಗೆಮನೆಯ ಹೆಂಗಸರೆಲ್ಲ ನಾ ಮುಂದು ತಾ ಮುಂದು ಎಂದು ನುಗ್ಗಿದರೂ ಸೌಟು ಸಿಕ್ಕಿದ್ದು ವಿರೂಪಾಕ್ಷಪ್ಪನವರಿಗೆ. ಹೊಗೆಯಾಡುವ ಸಾರನ್ನು ಅವರು ತುಂಬ ಜತನದಿಂದ ಹಾಕಿದರು.

ಕಾಶವ್ವ ಲಿಂಗಕ್ಕೆ ಅರ್ಪಿಸಿ, ರೊಟ್ಟಿಯ ಚೂರನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಇಟ್ಟ ಕೈ ಹಾಗೇ ನಿಂತುಹೋಯಿತು. ಅವಳ ಕಣ್ಣು ತುಂಬಿ ಬಂತು. ಉಪ್ಪು ಹೆಚ್ಚಾಯಿತೋ, ಮತ್ತೆ ತಲೆ ಸುತ್ತಿತೋ ಎಂದು ಎಲ್ಲರೂ ಕೈ ತಡೆದು ನೋಡಿದರು.

ಆ ಮಠದಲ್ಲಿ ಅಡುಗೆ ಮಾಡುವವರು ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿರಲಿಲ್ಲ. ಅಂಗೈಯ ಅಳತೆ, ಮೂಗಿನ ಅಂದಾಜು, ಅಷ್ಟೇ. ಇನ್ನು ಎಲ್ಲ ಮುಗಿದ ಮೇಲೆ ಅವಳ ತಾಟಿಗೆ ಬೀಳುತ್ತಿದ್ದುದು ಕೊಪ್ಪರಿಗೆಯ ತಳದಲ್ಲಿ ಉಳಿದ ತಣ್ಣಗಿನ ಗಸಿ.

“ಯವ್ವಾ ಯವ್ವಾ!” ಎಂದಳು ಕಾಶವ್ವ, ಪಕ್ಕದವಳ ತೋಳು ಹಿಡಿದುಕೊಂಡು. “ಹತ್ತೊಂಬತ್ತು ವರ್ಷ ಮಾಡೇನಿ. ನನ್ನ ಸಾರು ಇಷ್ಟ ರುಚಿ ಇರತೈತೇನ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪೂಜ್ಯರು ಎಲ್ಲರಿಗಿಂತ ಜೋರಾಗಿ ನಕ್ಕರು. ಕಾಶವ್ವ ಕಣ್ಣೊರೆಸಿಕೊಂಡು, ತಾಟನ್ನು ಮುಂದೆ ಚಾಚಿ, ಇನ್ನೊಂದು ಸೌಟು ಹಾಕಿಸಿಕೊಂಡಳು.